ಬಾಣಂತಿ ರೂಮಿಗೆ ಒಂದೂವರೆ ಟನ್

ನಮ್ಮ ಮೂಡಲಪಾಳ್ಯದಲ್ಲಿ ಹನುಮಕ್ಕನ ಕೈಯಲ್ಲಿ ನೀರು ಹಾಕಿಸ್ಕೊಳ್ಳದ ಬಾಣಂತಿಯೇ ಇಲ್ಲ ಅಂದ್ರೂ ತಪ್ಪಲ್ಲ. ನನ್ನ ಓರಗಿತ್ತಿ ಅಂತ ಹೊಗಳ್ತಿಲ್ಲ ಕಣ್ರೀ. ತಾಯಿ ಇಲ್ಲದ ನನಗೆ ಎರಡು ಬಾಣಂತನಾನೂ ಅವಳೇ ಮಾಡಿದ್ದು. ಆಗ ನಮ್ಮದು ಹೆಂಚಿನ ಮನೆ, ಹಿಂದೆ ರಾಗಿ ಹೊಲ. ಬೆಳಗಿನ ಚಳಿಗೆ ಹಲ್ಲು ಕಟಕಟ ಅನ್ನೋದು. ಅಕ್ಕ ಮಂಚದ ಕೆಳಗೆ ಕೆಂಡದ ಮಡಕೆ ಇಟ್ಟು, ಸಾಂಬ್ರಾಣಿ ಹಾಕಿ, ಕಿವಿಗೆ ಬಟ್ಟೆ ಬಿಗಿದು, ಬೈತಾ ಬೈತಾನೇ ನೋಡ್ಕೊಳ್ಳೋಳು. ಅಯ್ಯೋ, ಆ ಬೆಚ್ಚಗಿನ ಸುಖ ಈಗ ಎಲ್ಲಿ ಬರಬೇಕು!

ಹೊಲ ಹೋಗಿ ಸೈಟಾಯ್ತು, ಹೆಂಚು ಹೋಗಿ ಮೂರಂತಸ್ತು ಎದ್ದಿತು. ಈ ಬೇಸಿಗೇಲಿ ಅಕ್ಕನ ಮಗಳು ರಮ್ಯಂಗೆ ದಿನ ತುಂಬ್ತಾ ಬಂತು. ಅವಳು ಫೋನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಲು: "ಅಮ್ಮ, ಆ ಮೇಲಿನ ರೂಮಲ್ಲಿ ಬೆಂದು ಹೋಗ್ತೀನಿ. ಎಸಿ ಹಾಕ್ಸಿದ್ರೆ ಬರ್ತೀನಿ, ಇಲ್ದಿದ್ರೆ ಅತ್ತೆ ಮನೇಲೇ ಇರ್ತೀನಿ."

ಊರಿಗೆಲ್ಲ ಬಾಣಂತನ ಮಾಡಿದವಳಿಗೆ ಹೆತ್ತ ಮಗಳ ಬಾಣಂತನ ಇಲ್ವಾ? ಅಕ್ಕನಿಗೆ ಊಟ ಸೇರಲಿಲ್ಲ. ಕೊನೆಗೆ ತಾನೇ ಎಸಿಯವನನ್ನ ಕರೆಸಿದಳು.

ಬಂದವನು ಅಮರೇಶ, ರಾಯಚೂರು ಕಡೆಯವನು. ಟೇಪು ಹಿಡಿದು ರೂಮು ಅಳೆದ. ಮೇಲೆ ಬರೀ ತಾರಸಿ, ಪಶ್ಚಿಮದ ಗೋಡೆಗೆ ಸಂಜೆವರೆಗೂ ಬಿಸಿಲು.

"ಕೆಳಗಿನ ಮನಿ ಆಗಿದ್ರ ಒಂದು ಟನ್ ಸಾಕಿತ್ರಿ, ಇಲ್ಲಿ ಒಂದೂವರೆ ಬೇಕು. ಒಳಗ ಎಷ್ಟು ಮಂದಿ ಇರ್ತೀರಿ? ಮನುಷ್ಯಾರ ಮೈ ಬಿಸೀನೂ ಲೆಕ್ಕಕ್ಕ ಹಿಡೀಬೇಕ್ರಿ."

"ಬಾಣಂತಿ, ಮಗು, ನಾನು. ಮಂಚದ ಕೆಳಗೆ ಕೆಂಡ," ಅಂದಳು ಅಕ್ಕ.

"ಕೆಂಡಾನಾ? ಅಮ್ಮಾರ, ಕೆಂಡ ಇಟ್ರ ಎರಡು ಟನ್ ಹಾಕಿದ್ರೂ ಖೋಲಿ ತಣ್ಣಗಾಗಂಗಿಲ್ರಿ. ಮುಚ್ಚಿದ ಖೋಲ್ಯಾಗ ಆ ಹೊಗಿ ಕೂಸಿಗೂ ಚಲೋ ಅಲ್ಲ."

ನಾನು ಕಿಸಕ್ಕಂತ ನಕ್ಕುಬಿಟ್ಟೆ. ಅಕ್ಕನ ಮುಖ ನೋಡಿದ ಮೇಲೆ ಯಾಕಾದರೂ ನಕ್ಕೆನೋ ಅನ್ನಿಸಿತು. ತೊಳೆದು ಮಂಚದ ಕೆಳಗೆ ಇಟ್ಟಿದ್ದ ಹಳೇ ಮಡಕೇನ ಎತ್ಕೊಂಡು ಮೆಟ್ಟಿಲಿಳಿದು ಹೋದಳು.

ಹೆರಿಗೆ ಆದ ಮೇಲೆ ರಮ್ಯ ತವರಿಗೇ ಬಂದಳು. ಒಂದು ಮಧ್ಯಾಹ್ನ ಮೇಲೆ ಹೋಗಿ ನೋಡ್ತೀನಿ, ರೂಮು ತಣ್ಣಗಿದೆ, ರಮ್ಯಂಗೆ ಗಾಢ ನಿದ್ದೆ. ಅಕ್ಕ ಸ್ವೆಟರ್ ಹಾಕ್ಕೊಂಡು, ಮಗೂನ ಎದೆಗೆ ಅವುಚಿಕೊಂಡು, ಸೆರಗು ಹೊದಿಸಿ ಕೂತಿದ್ದಾಳೆ.

"ತೊಟ್ಟಿಲಿಗೆ ಹಾಕು ಅಕ್ಕಾ, ಕೈ ನೋಯಲ್ವಾ?"

"ಸುಮ್ನಿರೇ ಕಲಾವತಿ," ಅಂದಳು ಪಿಸುದನಿಯಲ್ಲಿ. "ಆ ಎಸಿ ಹುಡುಗ ನನ್ನ ಮೈ ಬಿಸೀನೂ ಲೆಕ್ಕಕ್ಕೆ ಹಿಡಿದಿದಾನೆ."