ಗುಲಗಂಜಿ ಹಾಕಿದ ಐದು ಸಹಿ

ಸಗಟು ಮಾರುಕಟ್ಟೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಗುಲಗಂಜಿ ಎಂದೇ. ಅಪ್ಪ ಅಮ್ಮ ಇಟ್ಟ ಹೆಸರು ರಸೀದಿ ಪುಸ್ತಕದ ಮೇಲೆ ಮಾತ್ರ ಉಳಿದಿತ್ತು. ತಕ್ಕಡಿಗಳನ್ನು ರಿಪೇರಿ ಮಾಡುವುದು, ಪರೀಕ್ಷಿಸಿ ಸರಿಯಿದೆ ಎಂದು ಚೀಟಿ ಬರೆದು ಸಹಿ ಹಾಕುವುದು ಅವನ ಕಸುಬು. ಮೂವತ್ತೊಂದು ವರ್ಷ ಅದನ್ನೇ ಮಾಡಿದ್ದ. ಗುಲಗಂಜಿಯಷ್ಟು ವ್ಯತ್ಯಾಸ ಕಂಡರೂ ಚೀಟಿ ಕೊಡುವವನಲ್ಲ. ಅಂಗಡಿಯವರು ಬೇಡಿಕೊಂಡರೂ ಅಷ್ಟೆ, ಬೈದರೂ ಅಷ್ಟೆ. ಅವನು ಪೆಟ್ಟಿಗೆ ಹಿಡಿದು ಬೀದಿಗೆ ಕಾಲಿಟ್ಟರೆ ಸಾಕು, "ಬಂತಪ್ಪ ಗುಲಗಂಜಿ, ಇವತ್ತು ವ್ಯಾಪಾರ ಆದ ಹಾಗೇ" ಎಂದು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸುತ್ತಿದ್ದರು. ಅವನಿಗೂ ಒಳಗೊಳಗೇ ಹೆಮ್ಮೆ. ಒಳ್ಳೆಯ ಹೆಮ್ಮೆಯೇ, ಇರಲಿ. ಆದರೆ ಹೆಮ್ಮೆ ಇದ್ದವನು ಬಿದ್ದಾಗ ಪೆಟ್ಟು ಜೋರಾಗಿಯೇ ತಗಲುತ್ತದೆ.

ಯಾವ ವಸ್ತುವನ್ನಾದರೂ ಎತ್ತಿ ನೋಡಿ ತೂಕ ಹೇಳುವ ಚಾಳಿಯೂ ಇತ್ತು. ಕೈ ತಪ್ಪುತ್ತಿದ್ದುದು ಅಪರೂಪ. "ಇವನ ಕೈಗೆ ಮಗು ಕೊಡಬೇಡಿ, ಮುದ್ದು ಮಾಡೋದು ಬಿಟ್ಟು ತೂಕ ಹೇಳ್ತಾನೆ" ಎಂದು ಅವನ ಅಮ್ಮ ಬಂದವರೆದುರು ಆಡಿಕೊಳ್ಳುತ್ತಿದ್ದಳು.

ಆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮನೆ ಇದ್ದದ್ದು ಎರಡನೆಯ ಮಹಡಿಯಲ್ಲಿ, ಮೆಟ್ಟಿಲು ಇಕ್ಕಟ್ಟು. ಹೆಂಡತಿಗೆ ಕೈಬೆರಳುಗಳೆಲ್ಲ ಸಂಧಿವಾತದಿಂದ ಸೊಟ್ಟಗಾಗಿ ಒಂದು ಚೊಂಬು ಎತ್ತುವುದೂ ಕಷ್ಟ. ಅವನೋ ದಿನವಿಡೀ ಬೀದಿಯಲ್ಲಿ. ಕೊನೆಗೆ ಅಮ್ಮನನ್ನು ಊರಾಚೆಯ ಆರೈಕೆ ಕೇಂದ್ರಕ್ಕೆ ಸೇರಿಸಿದ. ತಂಗಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಅವಳು ರೈಲಿನಲ್ಲಿ ಹನ್ನೊಂದು ತಾಸಿನ ದೂರದಲ್ಲಿ, ಬಾಟಲಿ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡಿಕೊಂಡು ಒಂಟಿ ಕೋಣೆಯಲ್ಲಿ ಇದ್ದವಳು. "ಬೇಡ ಅಣ್ಣ, ಅಂಥ ಕಡೆ ಯಾರೂ ನೋಡ್ಕೊಳ್ಳಲ್ಲ" ಎಂದು ಫೋನಿನಲ್ಲಿ ಅತ್ತಿದ್ದಳು. "ಹಾಗಾದ್ರೆ ನೀನು ಕರ್ಕೊಂಡು ಹೋಗು" ಎಂದಿದ್ದ. ಅವಳು ಫೋನ್ ಇಟ್ಟಿದ್ದಳು. ಆಮೇಲೆ ದಿನಾ ಕೇಂದ್ರಕ್ಕೇ ಫೋನ್ ಮಾಡಿ ವಿಚಾರಿಸಿಕೊಳ್ಳುತ್ತಿದ್ದಳು. ಬರುವುದು ಮಾತ್ರ ಮುಂದಿನ ತಿಂಗಳು, ಮುಂದಿನ ತಿಂಗಳು ಎಂದು ಮುಂದೆ ಹೋಗುತ್ತಲೇ ಇತ್ತು.

ಆರನೆಯ ತಿಂಗಳು ಕೇಂದ್ರದವರು ಅಮ್ಮನನ್ನು ದೊಡ್ಡಾಸ್ಪತ್ರೆಗೆ ಸಾಗಿಸಿದ್ದೇವೆ ಎಂದು ತಿಳಿಸಿದರು. ಅವನು ಓಡಿದ. ಗಾಲಿಮಂಚದಿಂದ ಹಾಸಿಗೆಗೆ ದಾಟಿಸಲು ಒಂದು ಕೈ ಸಾಲದೆ, "ಸ್ವಲ್ಪ ಹಿಡ್ಕೊಳ್ಳಿ" ಎಂದು ನರ್ಸು ಅವನನ್ನೇ ಕರೆದಳು. ಎತ್ತಿದ. ಎತ್ತಿದ ಕೂಡಲೇ ಕೈಗೆ ಗೊತ್ತಾಯಿತು, ಮೂವತ್ತೈದರ ಒಳಗೆ. ಮನೆಯಿಂದ ಹೊರಟಾಗ ಅಮ್ಮ ಐವತ್ತೆರಡು ಕಿಲೋ ಇದ್ದಳು. ಬೆನ್ನಿನ ಕೆಳಗೆ ಕೈಯಿಟ್ಟಾಗ ಬಟ್ಟೆ ಒದ್ದೆಯಾಗಿತ್ತು. ಅಲ್ಲಿ ಅಂಗೈಯಗಲದ ಹುಣ್ಣಿತ್ತು.

ಎರಡು ದಿನ ಇದ್ದಳು. ವೈದ್ಯರು ಚಿಕ್ಕ ವಯಸ್ಸಿನವರು. ಮುಚ್ಚಿಡುವುದನ್ನು ಇನ್ನೂ ಕಲಿತಿರಲಿಲ್ಲವೇನೋ, ಅವನನ್ನು ಕೂರಿಸಿಕೊಂಡು ನೇರವಾಗಿಯೇ ಹೇಳಿದರು. "ಇದು ವಯಸ್ಸಿಂದ ಆದ ಸಾವಲ್ಲ. ಊಟ, ನೀರು ಸರಿಯಾಗಿ ಹೋಗಿಲ್ಲ. ಮಗ್ಗುಲು ಬದಲಾಯಿಸದೆ ಹುಣ್ಣಾಗಿದೆ, ಅದು ನಂಜಾಗಿದೆ. ತಪ್ಪಿಸಬಹುದಾಗಿತ್ತು. ನಾನು ಹಾಗೇ ಬರೀತೀನಿ." ಹಾಗೇ ಬರೆದರು. ತೂಕದ ಜಾಗದಲ್ಲಿ ಮೂವತ್ತನಾಲ್ಕು ಕಿಲೋ ಇನ್ನೂರು ಗ್ರಾಂ ಎಂದಿತ್ತು.

ಮಣ್ಣು ಮಾಡಿ ಬಂದ ಮೇಲೆ ತಂಗಿ ಅವನ ಎದುರು ಕೂತು, "ಅವರನ್ನ ಸುಮ್ನೆ ಬಿಡಬೇಡ ಅಣ್ಣ" ಎಂದಳು. "ಬಿಡಲ್ಲ" ಎಂದ. ಅವಳು ಮರುದಿನದ ಪಾಳಿಗೆ ಹೊರಟುಹೋದಳು.

ಟೈಪಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬ ವಕೀಲೆ ಇಂಥ ಮೊಕದ್ದಮೆಗಳನ್ನು ನಡೆಸುತ್ತಾಳೆಂದು ಯಾರೋ ಹೇಳಿದರು. ಅವಳ ಮೇಜಿನ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಕ್ಕಡಿ ಹಿಡಿದ ಹಿತ್ತಾಳೆಯ ಹೆಂಗಸಿನ ಗೊಂಬೆ ಇತ್ತು. ಗುಲಗಂಜಿ ಕೂತ ಕೂಡಲೇ ಅದರ ದಂಡವನ್ನು ಬೆರಳಿಂದ ಮುಟ್ಟಿ ನೋಡಿದ. ಬೆಸುಗೆ ಹಾಕಿದ್ದರು, ಅಲ್ಲಾಡಲಿಲ್ಲ. "ಇದಕ್ಕೆ ನಾನು ಚೀಟಿ ಕೊಡೋದಿಲ್ಲ ಮೇಡಂ" ಎಂದ. ವಕೀಲೆ ನಕ್ಕಳು. ಅಮ್ಮ ಸತ್ತ ಮೇಲೆ ಅವನು ಆಡಿದ ಮೊದಲ ತಮಾಷೆ ಅದು, ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು.

ವಕೀಲೆ ಕನ್ನಡಕವನ್ನು ತಲೆಯ ಮೇಲಿಂದ ಮೂಗಿಗೆ ಇಳಿಸಿಕೊಂಡು ಒಂದೊಂದಾಗಿ ಹೇಳಿದಳು. ಕೇಂದ್ರಕ್ಕೆ ಪರವಾನಗಿ ಕೊಟ್ಟ ಕಚೇರಿಗೆ ದೂರು ಕೊಡಬಹುದು. ಅವರು ವಿಚಾರಣೆ ಮಾಡಿ ದಂಡ ಹಾಕಬಹುದು, ಬಾಗಿಲು ಮುಚ್ಚಿಸಲೂಬಹುದು, ಆದರೆ ಪರಿಹಾರ ಕೊಡಿಸುವುದಿಲ್ಲ. ಪರಿಹಾರ ಬೇಕಾದರೆ ನ್ಯಾಯಾಲಯದಲ್ಲಿ ದಾವೆ. ಅದು ವರ್ಷಗಟ್ಟಲೆ ಎಳೆಯುತ್ತದೆ, ಅದಕ್ಕೊಂದು ಗಡುವೂ ಇದೆ, ಸಾವಾದ ದಿನದಿಂದಲೇ ದಿನ ಓಡುತ್ತಿರುತ್ತದೆ. ಪೊಲೀಸರಿಗೂ ದೂರು ಕೊಡಬಹುದು, ಆದರೆ ಇಂಥವರೇ ಹೊಣೆ ಎಂದು ಬೆರಳಿಟ್ಟು ತೋರಿಸಬೇಕು, ಅದು ಕಷ್ಟ. ಒಂದು ಮಾಡಿದರೆ ಇನ್ನೊಂದು ಮಾಡಬಾರದು ಎಂದೇನಿಲ್ಲ.

"ಅಷ್ಟರಲ್ಲಿ ಅವರೇ ರಾಜಿಗೆ ಬರ್ತಾರೆ" ಎಂದಳು. "ಹಣ ಕೊಡ್ತಾರೆ, ಬಾಯಿಗೆ ಬೀಗ ಹಾಕ್ತಾರೆ. ಅದಕ್ಕೆ ಸಹಿ ಹಾಕಿದ್ರೆ ಮಿಕ್ಕಿದ್ದೆಲ್ಲಾ ಅಲ್ಲಿಗೇ ಮುಗೀತು. ಈಗ ಸಿಟ್ಟು ಒಂದು ಕಡೆ ಇಡಿ, ಮೊದಲು ಕಾಗದ ತರಿಸೋಣ. ಕೇಂದ್ರದಲ್ಲಿ ಅಮ್ಮನ ಬಗ್ಗೆ ಬರೆದಿಟ್ಟದ್ದೆಲ್ಲಾ ಬೇಕು ಅಂತ ಅರ್ಜಿ ಕೊಡಿ. ಮಕ್ಕಳು ಕೇಳಿದ್ರೆ ಕೊಡಲೇಬೇಕು."

ಮೂರು ವಾರ ಸತಾಯಿಸಿ ಕೊಟ್ಟರು. ಗುಲಗಂಜಿ ಕಡತವನ್ನು ಮನೆಗೆ ತಂದು, ಬಾಗಿಲು ಹಾಕಿಕೊಂಡು ಓದಿದ. ಊಟದ ಹಾಳೆಯಲ್ಲಿ ದಿನಕ್ಕೆ ಮೂರು ಸಲ 'ಆಯ್ತು' ಎಂದು ಬರೆದಿತ್ತು, ಒಂದೂ ತಪ್ಪದೆ. ಇನ್ನೊಂದು ಹಾಳೆಯಲ್ಲಿ 'ನಿಲ್ಲಲಾರರು, ಇಬ್ಬರು ಎತ್ತಬೇಕು' ಎಂದಿತ್ತು. ತೂಕದ ಹಾಳೆ ತೆಗೆದ. ತಿಂಗಳಿಗೊಂದು ಸಾಲು, ಐದು ಸಾಲು. ಐವತ್ತೆರಡು. ಐವತ್ತೆರಡು. ಐವತ್ತೆರಡು. ಐದಕ್ಕೆ ಐದೂ ಐವತ್ತೆರಡು.

ಅವನು ಎದ್ದು ನಿಂತುಬಿಟ್ಟ. ಸಿಕ್ಕಿಬಿದ್ದರು ಕಳ್ಳರು. ಆ ಕೇಂದ್ರದಲ್ಲಿ ಇದ್ದದ್ದು ಒಂದೇ ತೂಕದ ಯಂತ್ರ, ಬಾಗಿಲ ಪಕ್ಕ, ಮೇಲೆ ಹತ್ತಿ ನಿಲ್ಲುವಂಥದ್ದು. ಯಂತ್ರ ಕಂಡರೆ ಅವನ ಕಣ್ಣು ಬಿಡುತ್ತದೆಯೇ, ಮೊದಲ ದಿನವೇ ನೋಡಿದ್ದ. ನಿಲ್ಲಲಾರದ ಹೆಂಗಸನ್ನು ಇವರು ಹೇಗೆ ತೂಗಿದರು? ತೂಗಲೇ ಇಲ್ಲ. ಸೇರಿದ ದಿನ ಮನೆಯವರು ಹೇಳಿದ ಅಂಕಿಯನ್ನೇ ತಿಂಗಳು ತಿಂಗಳೂ ನಕಲು ಮಾಡಿದ್ದರು. ಒಂದೇ ಒಂದು ಸಲ ತೂಗಿದ್ದರೂ ಅಮ್ಮ ಕರಗುತ್ತಿರುವುದು ಗೊತ್ತಾಗುತ್ತಿತ್ತು.

ಆಮೇಲೆ ಸಾಲಿನ ಬಲತುದಿ ಕಣ್ಣಿಗೆ ಬಿತ್ತು. 'ತೂಕ ನೋಡಿದ್ದೇವೆ, ಕುಟುಂಬದವರ ಸಹಿ' ಎಂದು ಅಚ್ಚಾಗಿತ್ತು. ಕೆಳಗೆ ಸಹಿ. ಐದೂ ಸಾಲಿನಲ್ಲಿ ಅವನದೇ ಸಹಿ, ಚೀಟಿಯ ಮೇಲೆ ಹಾಕುವ ಅದೇ ಸಹಿ, ಕೊನೆಯಲ್ಲಿ ಒತ್ತಿ ಇಟ್ಟ ಚುಕ್ಕೆಯ ಸಮೇತ.

ಅವನು ಮತ್ತೆ ಕೂತ. ಹೇಗೆ ಹಾಕಿದ್ದೆನೆಂದು ನೆನಪಿಸಿಕೊಂಡ. ತಿಂಗಳ ಮೊದಲ ಭಾನುವಾರ ಹೋದಾಗ ಬಾಗಿಲಲ್ಲಿ ಗುಮಾಸ್ತೆ ಪುಸ್ತಕ ತಿರುಗಿಸಿ ಬೆರಳಿಟ್ಟು, "ಇಲ್ಲೊಂದು ಸಹಿ ಸಾರ್" ಎನ್ನುತ್ತಿದ್ದಳು. ಚಪ್ಪಲಿ ಬಿಟ್ಟಷ್ಟೇ ಸಲೀಸಾಗಿ ಹಾಕಿ ಒಳಗೆ ಹೋಗುತ್ತಿದ್ದ. ಬಂದವರ ಲೆಕ್ಕವಿರಬೇಕು ಎಂದುಕೊಂಡಿದ್ದ. ಅಮ್ಮ ಗಲ್ಲದವರೆಗೆ ಹೊದ್ದು ಮಲಗಿರುತ್ತಿದ್ದಳು. "ಎಲ್ಲಾ ಚೆನ್ನಾಗಿದೆ, ನೀನು ಹೊರಡು, ಬಸ್ಸು ತಪ್ಪುತ್ತೆ" ಎನ್ನುತ್ತಿದ್ದಳು. ಮುಖ ಇಳಿದಿದ್ದು ಕಂಡಿತ್ತು. ವಯಸ್ಸಾಯಿತಲ್ಲ ಎಂದುಕೊಂಡಿದ್ದ. ಹೊದಿಕೆ ಎತ್ತಿ ನೋಡಲಿಲ್ಲ, ಒಮ್ಮೆಯಾದರೂ ಕೈಹಾಕಿ ಎತ್ತಿ ಕೂರಿಸಲಿಲ್ಲ. ಊರಿನ ತಕ್ಕಡಿಗಳನ್ನೆಲ್ಲ ಮೂರು ಮೂರು ಸಲ ಪರೀಕ್ಷಿಸದೆ ಸಹಿ ಹಾಕದವನು ಹೆತ್ತವಳ ತೂಕಕ್ಕೆ ಕಣ್ಣು ಮುಚ್ಚಿ ಐದು ಸಲ ಸಹಿ ಹಾಕಿದ್ದ.

ವಾರದೊಳಗೆ ಕೇಂದ್ರದ ಮ್ಯಾನೇಜರು ಅವನನ್ನು ಹುಡುಕಿಕೊಂಡು ಮಾರುಕಟ್ಟೆಗೇ ಬಂದ. ತುಂಬಾ ಮೆತ್ತಗೆ ಮಾತಾಡಿದ. "ಆಗಿದ್ದು ಆಗಿಹೋಯ್ತು. ರಾಜಿ ಮಾಡ್ಕೊಳ್ಳೋಣ ಸಾರ್. ತೂಕದ ಹಾಳೆ ನೋಡಿದೀರಲ್ಲ? ವಿಚಾರಣೆ ಅಂತ ಹೋದ್ರೆ ಅದನ್ನ ಎಲ್ಲರ ಮುಂದೆ ಓದ್ತಾರೆ. ನಿಮ್ಮ ಕೆಲಸ ಬೇರೆ ಇದೇ ಅಲ್ವಾ" ಎಂದು ತಕ್ಕಡಿಯತ್ತ ನೋಡಿದ.

ಗುಲಗಂಜಿಗೆ ಮಾರುಕಟ್ಟೆಯ ಭಯವಿರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ಹೆಚ್ಚಿಗೆ ಅವನನ್ನು ಕೊರೆದದ್ದು ತಂಗಿಯ ಭಯ. ಬೇಡ ಎಂದವಳು ಅವಳು. ಅಮ್ಮ ಹಸಿದು ಸಾಯುತ್ತಿದ್ದಾಗ ಅಣ್ಣ ಐದು ಸಲ ಎಲ್ಲಾ ಸರಿಯಿದೆ ಎಂದು ಬರೆದುಕೊಟ್ಟ ಎಂದು ತಿಳಿದರೆ ಅವಳು ಮತ್ತೆ ಅವನ ಮುಖ ನೋಡುವಳೇ? ರಾಜಿಯಾದರೆ ಕಡತ ಮುಚ್ಚಿಹೋಗುತ್ತದೆ, ಅವಳಿಗೆ ಗೊತ್ತೇ ಆಗುವುದಿಲ್ಲ. ನಾಲ್ಕು ದಿನ ಅವನು ಅನ್ನ ಕಲಸಿ ಕಲಸಿ ಹಾಗೇ ಎದ್ದ. ಐದನೆಯ ದಿನ ಕಡತ ಬಗಲಲ್ಲಿಟ್ಟುಕೊಂಡು ವಕೀಲೆಯ ಕೋಣೆ ಹತ್ತಿದ. ಆ ಕೇಂದ್ರದಲ್ಲಿ ಇನ್ನೂ ನಲವತ್ತು ಜನ ಮಲಗಿದ್ದರು, ಅವರ ತೂಕ ಹೇಗೆ ಬರೆಯುತ್ತಿದ್ದರೆಂದು ಅವನಿಗೆ ಈಗ ಗೊತ್ತಿತ್ತು.

ವಕೀಲೆ ಐದೂ ಸಹಿಗಳ ಮೇಲೆ ಬೆರಳಾಡಿಸಿದಳು. "ಇದು ಅವರಿಗೆ ಸಿಕ್ಕ ಒಳ್ಳೇ ಅಸ್ತ್ರ. ಆದ್ರೆ ನಿಮ್ಮ ಸಹಿ ಇದೆ ಅಂತ ಅವರ ಸುಳ್ಳು ನಿಜ ಆಗಲ್ಲ. ಅವರು ತೋರಿಸೋ ತನಕ ಕಾಯೋದು ಬೇಡ, ನಾವೇ ದೂರಿನಲ್ಲಿ ಬರೆಯೋಣ. ನಿಮ್ಮ ತಂಗಿಯೂ ವಾರಸುದಾರರು, ಅವರ ಸಹಿಯೂ ಬೇಕು."

ದೂರಿನ ಎರಡನೆಯ ಪುಟದಲ್ಲಿ ಅದನ್ನು ಬರೆದರು. ತಂಗಿಗೆ ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗಿರಲಿಲ್ಲ, ಓದಿ ತಿಳಿದುಕೊಳ್ಳಲಿ ಎಂದು ಅಂಚೆಯಲ್ಲಿ ಕಳಿಸಿದ. ವಾರದ ನಂತರ ತಂಗಿ ಫೋನ್ ಮಾಡಿದಳು. "ಸಹಿ ಹಾಕಿ ಕಳಿಸಿದೀನಿ ಅಣ್ಣ." ಅವನು ಕಾದ. ಅವಳು ಮತ್ತೇನೂ ಹೇಳಲಿಲ್ಲ. ಕ್ಷಮಿಸಿದಳೋ, ಕೋಪ ನುಂಗಿಕೊಂಡಳೋ, ಅವನಿಗೆ ತಿಳಿಯಲಿಲ್ಲ. ಕೇಳಲು ನಾಲಿಗೆ ಏಳಲಿಲ್ಲ.

ವಿಚಾರಣೆಯ ದಿನ ಅವಳು ರೈಲಿಳಿದು ನೇರವಾಗಿ ಪರವಾನಗಿ ಕಚೇರಿಗೆ ಬಂದಳು. ಉದ್ದ ಮೇಜಿನ ಆಚೆ ಅಧಿಕಾರಿ, ಈಚೆ ಒಂದು ಬದಿಗೆ ಇವರು, ಇನ್ನೊಂದು ಬದಿಗೆ ಮ್ಯಾನೇಜರು ಮತ್ತು ಅವನ ವಕೀಲ. ಆ ವಕೀಲ ಮೊದಲೇ ತೂಕದ ಹಾಳೆ ಎತ್ತಿಕೊಂಡ.

"ಇದು ನಿಮ್ಮ ಸಹಿಯೇ?"

"ಹೌದು."

"ತಕ್ಕಡಿ ಪರೀಕ್ಷೆ ಮಾಡೋದೇ ನಿಮ್ಮ ಕೆಲಸ. ಐದು ಸಲ ಸಹಿ ಹಾಕಿದೀರಿ. ಒಂದು ಸಲವೂ ಅನುಮಾನ ಬರಲಿಲ್ವಾ?"

"ಬರಬೇಕಿತ್ತು. ಬರಲಿಲ್ಲ. ನಾನು ಓದಲೇ ಇಲ್ಲ."

ಪಕ್ಕದಲ್ಲಿ ತಂಗಿ ತಟ್ಟನೆ ಅವನತ್ತ ತಿರುಗಿದಳು. ಅವಳ ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. ಅವಳೂ ಓದಿರಲಿಲ್ಲ. ಅಣ್ಣ ಕಳಿಸಿದ್ದು ಎಂದು ಕೊನೆಯ ಪುಟ ತಿರುವಿ ಸಹಿ ಹಾಕಿ ಕಳಿಸಿದ್ದಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ.

ಅವನು ಅಧಿಕಾರಿಯತ್ತ ತಿರುಗಿದ. "ನಾನು ನೋಡದೆ ಸಹಿ ಹಾಕಿದ್ದು ತಪ್ಪು ಸಾರ್. ಆದ್ರೆ ಸಹಿ ಹಾಕೋಕೆ ಮುಂಚೆ ಅಲ್ಲಿ ಐವತ್ತೆರಡು ಅಂತ ಬರೆದವ್ರು ಯಾರು? ಆ ಯಂತ್ರದ ಮೇಲೆ ನಿಲ್ಲಬೇಕು. ಅಮ್ಮ ನಿಲ್ಲೋ ಹಾಗಿರಲಿಲ್ಲ. ಅದನ್ನ ಅವರೇ ಬರೆದಿದಾರೆ."

ಅಧಿಕಾರಿ ತೂಕದ ಹಾಳೆ, 'ನಿಲ್ಲಲಾರರು' ಎಂದಿದ್ದ ಹಾಳೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮ್ಯಾನೇಜರನ್ನು ನೋಡಿದರು. "ಯಾರು ತೂಗಿದ್ದು? ಹೇಗೆ?" ಮ್ಯಾನೇಜರು ಕರ್ಚೀಫು ತೆಗೆದ. ಅಧಿಕಾರಿ ಊಟದ ಹಾಳೆಯನ್ನು ಮುಂದೆ ತಳ್ಳಿದರು. "ದಿನಕ್ಕೆ ಮೂರು ಸಲ ಊಟ ಆಯ್ತು ಅಂತ ಬರೆದಿದೀರಿ. ಊಟ ಮಾಡಿದೋರು ಮೂವತ್ತನಾಲ್ಕು ಕಿಲೋಗೆ ಹೇಗೆ ಇಳಿದ್ರು?"

ಇದಕ್ಕೆ ಮಾತ್ರ ಮ್ಯಾನೇಜರ ಬಳಿ ಉತ್ತರವಿತ್ತು. "ಆಯ್ತು ಅಂದ್ರೆ ಸಾರ್, ಬಡಿಸಿದ್ದು ಆಯ್ತು ಅಂತ. ತಟ್ಟೆ ಇಟ್ಟು, ಅರ್ಧ ಗಂಟೆ ಬಿಟ್ಟು ತಗೊಂಡು ಹೋದ್ರೆ ಹಾಗೆ ಬರೀತಾರೆ. ತಿಂದ್ರು ಅಂತ ನಾವು ಎಲ್ಲೂ ಬರೆದಿಲ್ಲ."

ಅಧಿಕಾರಿ ಆ ಮಾತನ್ನು ಹಾಗೇ ಬರೆದುಕೊಂಡು, ಓದಿ ಹೇಳಿ, ಮ್ಯಾನೇಜರ ಸಹಿ ತೆಗೆದುಕೊಂಡರು. ತೀರ್ಮಾನವಾಗುವವರೆಗೆ ಕೇಂದ್ರ ಹೊಸಬರನ್ನು ಸೇರಿಸಿಕೊಳ್ಳಬಾರದು, ಒಳಗಿರುವ ಎಲ್ಲರನ್ನೂ ಮೂರು ದಿನದೊಳಗೆ ಹೊರಗಿನ ವೈದ್ಯರೆದುರು ತೂಗಬೇಕು ಎಂದು ಆದೇಶ ಬರೆಸಿದರು. ದಾವೆಗೆ ಈ ಹೇಳಿಕೆಯೇ ಬೇಕಾದಷ್ಟಾಯಿತು ಎಂದು ವಕೀಲೆ ಪಿಸುಗುಟ್ಟಿದಳು. ಗುಲಗಂಜಿಯ ಕಿವಿಗೆ ಅದು ಹೋಗಲಿಲ್ಲ. ತಂಗಿ ಎದ್ದು ಹೊರಗೆ ಹೋಗಿದ್ದಳು.

ಮೊಗಸಾಲೆಯ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಅವನು ಎದುರು ಹೋಗಿ ನಿಂತ. ಬೈದರೆ ಬೈಯಲಿ, ಹೊಡೆದರೂ ಹೊಡೆಯಲಿ ಎಂದುಕೊಂಡ.

"ನಿಂಗೆ ಮೊದಲೇ ಹೇಳಬೇಕಿತ್ತು" ಎಂದ.

ಅವಳು ತಲೆ ಎತ್ತಲಿಲ್ಲ. "ದಿನಾ ಫೋನ್ ಮಾಡ್ತಿದ್ದೆ ಅಣ್ಣ. ಅಮ್ಮಂದು ಊಟ ಆಯ್ತಾ ಅಂತ ಕೇಳ್ತಿದ್ದೆ. ಆಯ್ತು ಅನ್ನೋವ್ರು. ಸರಿ ಅಂತ ಇಡ್ತಿದ್ದೆ."

"ಅವರು ಸುಳ್ಳು ಹೇಳಿದ್ರು."

"ನಿಂದು ಐದು ಸಹಿ ಇದೆ" ಎಂದಳು ತಂಗಿ. "ನೀನು ಐದು ಸಲ ಹೋಗಿದ್ದೆ ಅಂತ ಆಯ್ತಲ್ಲ. ನಂದು ಒಂದೂ ಇಲ್ಲ."

ಅವನು ಅವಳ ಪಕ್ಕದಲ್ಲಿ ಕೂತ. ವಕೀಲೆ ದಾವೆಯ ಕಾಗದಗಳನ್ನು ಹಿಡಿದು ಬಂದಾಗ ಇಬ್ಬರೂ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿಸಿಕೊಂಡು, ಆಮೇಲೆ ಸಹಿ ಹಾಕಿದರು.