ಚುಕ್ಕಾಣಿಯ ತಂತಿ

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನನಗೆ ದೇವದುರ್ಗದ ಕಡೆ, ಕೃಷ್ಣೆಯ ದಂಡೆಯ ಹಳ್ಳಿಯೊಂದರಲ್ಲಿ ನರ್ಸಮ್ಮನ ಕೆಲಸ ಸಿಕ್ಕಿತು. ಮಾನ್ವಿಯಲ್ಲಿ ಭತ್ತದ ನಾಟಿಗೆ ಹೋಗುವ ಕೂಲಿಯವರ ಮನೆಯಿಂದ ಸರ್ಕಾರಿ ನೌಕರಿಗೆ ಹೋದ ಮೊದಲ ಹೆಣ್ಣುಮಗಳು ನಾನು. ಪ್ರತಿ ಗುರುವಾರ ಸೂಜಿ-ಔಷಧಿಯ ಪೆಟ್ಟಿಗೆ ಹಿಡಿದು ಹೊಳೆಯ ನಡುಗಡ್ಡೆಗೆ ಹೋಗಬೇಕಿತ್ತು. ಕರೆದೊಯ್ಯಲು ನೀರಾವರಿ ಇಲಾಖೆಯ, ಇಂಜಿನ್ನಿನ ಸಣ್ಣ ದೋಣಿ. ಅದನ್ನು ನಡೆಸುವವನು ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಅಂಬಿಗರ ಓಣಿಯವನು. ಮಾತು ಕಡಿಮೆ.

ದೋಣಿಗೆ ಜೀಪಿನ ಹಾಗೆ ಮುಂದೆ ಸ್ಟೇರಿಂಗ್ ಇತ್ತು. ಅದಕ್ಕೆ ಸುತ್ತಿದ ಉಕ್ಕಿನ ತಂತಿ ಎರಡೂ ಬದಿಯ ಸಣ್ಣ ರಾಟೆಗಳ ಮೇಲೆ ಹಾದು ಹಿಂದಿನ ಚುಕ್ಕಾಣಿಯನ್ನು ಎಳೆಯುತ್ತಿತ್ತು. ಒಂದು ಶ್ರಾವಣದಲ್ಲಿ, ಹೊಳೆ ತುಂಬಿದ್ದಾಗ, ನಡುನೀರಿನಲ್ಲಿ ಆ ತಂತಿ ಹರಿಯಿತು. ಸ್ಟೇರಿಂಗ್ ಅವನ ಕೈಯಲ್ಲಿ ಸುಮ್ಮನೆ ಗಿರ್ರನೆ ತಿರುಗಿತು. ದೋಣಿ ಅಡ್ಡ ತಿರುಗಿ ಬಂಡೆಗಳ ಕಡೆ ಜಾರತೊಡಗಿತು. ಅವನು ಹಿಂದಕ್ಕೆ ಹಾರಿ, ಚುಕ್ಕಾಣಿಯ ಕಬ್ಬಿಣವನ್ನೇ ಬರಿಗೈಯಲ್ಲಿ ಒತ್ತಿ ಹಿಡಿದು ಹೇಗೋ ದಡ ಮುಟ್ಟಿಸಿದ. ನಾನು ಪೆಟ್ಟಿಗೆಯನ್ನು ಅಪ್ಪಿಕೊಂಡೇ ಕೂತಿದ್ದೆ.

ಅವನ ಅಂಗೈ ಕಿತ್ತುಹೋಗಿತ್ತು. ಔಷಧಿ ಹಚ್ಚುವಾಗ ಅವನು ತಲೆ ಎತ್ತದೆ ಹೇಳಿದ, "ತಪ್ಪು ನಂದರೀ. ರಾಟಿ ತಿರುಗಲಾರದ್ದಕ್ಕ ತಂತಿ ಸವೀಲಾಕತ್ತಿದ್ದು ನನಗ ಗೊತ್ತಿತ್ತು."

ಆ ವಾರ ಔಷಧಿ ತರಲು ನಾನು ರಾಯಚೂರಿಗೆ ಹೋಗುವುದಿತ್ತು. ಹರಿದ ತಂತಿಯ ಗೇಣುದ್ದ ತುಂಡನ್ನು ಕಾಗದದಲ್ಲಿ ಸುತ್ತಿ ಕೊಟ್ಟು, ಇದೇ ದಪ್ಪದ್ದು ತರಬೇಕೆಂದ. ಕಬ್ಬಿಣದ ಅಂಗಡಿಯವನು ಹೆಣ್ಣುಮಗಳಿಗೆ ಇದೆಲ್ಲ ಯಾಕೆಂದು ಕೇಳಿದ. ನಾನು ದುಡ್ಡು ಎಣಿಸಿ ಕೊಟ್ಟೆ. ಬಸ್ಸಿನಲ್ಲಿ ತಂತಿಯ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಸೀರೆಗೆ ಎಣ್ಣೆ ಹತ್ತಿತು.

ಅವನ ಕೈಗೆ ಪಟ್ಟಿ ಕಟ್ಟಿದ್ದರಿಂದ ರಿಪೇರಿಗೆ ನನ್ನ ಕೈಗಳೇ ಬೇಕಾದವು. ಅವನು ಹೇಳಿದ, ನಾನು ಮಾಡಿದೆ. ರಾಟೆ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸು ತುಂಬಿದೆ. ತಂತಿ ಪೋಣಿಸಿ ಕ್ಲಾಂಪು ಬಿಗಿದೆ. ಇಳಿಹೊತ್ತಿಗೆ ದಡದ ಬಳಿ ಓಡಿಸಿ ನೋಡಿದರೆ, ಎಡಕ್ಕೆ ತಿರುಗಿಸಿದಾಗ ದೋಣಿ ಬಲಕ್ಕೆ ಹೊರಟಿತು. ತಂತಿಯ ಎರಡು ತುದಿಗಳನ್ನು ಅದಲುಬದಲು ಕಟ್ಟಿದ್ದೆ. ಅವನು ನಕ್ಕದ್ದನ್ನು ಅವತ್ತೇ ಮೊದಲು ಕಂಡೆ. ಮತ್ತೆ ಬಿಚ್ಚಿ ಕಟ್ಟಿದೆವು. ಬೇಗ ಮುಗಿಯದಿರಲಿ ಎಂದು ನನಗನಿಸಿತು.

ಆಮೇಲೆ ಪ್ರತಿ ಗುರುವಾರ ಅರ್ಧ ಗಂಟೆ ಮೊದಲೇ ಹೋಗುತ್ತಿದ್ದೆ. ಹಳೆ ಸೀರೆಯ ತುಂಡಿನಿಂದ ತಂತಿಯನ್ನು ಉದ್ದಕ್ಕೂ ಒರೆಸುವುದು ನನ್ನ ಪಾಲಿನ ಕೆಲಸ. ಒಂದು ಎಳೆ ಮುರಿದಿದ್ದರೂ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಅವನು ರಾಟೆ ನೋಡುತ್ತಿದ್ದ, ಚುಕ್ಕಾಣಿಯ ಬೋಲ್ಟು ಬಿಗಿಯುತ್ತಿದ್ದ. ನಮ್ಮ ಓಣಿ ಬೇರೆ, ಅವರ ಓಣಿ ಬೇರೆ. ಊರಿನ ಕಣ್ಣುಗಳಿಗೆ ನಾವು ದೋಣಿ ಸರಿಮಾಡುವವರಷ್ಟೇ ಆಗಿರಬೇಕಿತ್ತು. ಎರಡು ವರ್ಷ ಹಾಗೇ ಇದ್ದೆವು.

ಮೂರನೆಯ ಬೇಸಿಗೆಯಲ್ಲಿ ಅವನಿಗೆ ಮೇಲಿನ ಅಣೆಕಟ್ಟಿನ ಕಡೆ ವರ್ಗವಾಯಿತು. ಹೊರಡುವ ದಿನ ಹೊಸ ಚಾಲಕನಿಗೆ ಎಲ್ಲ ತೋರಿಸಿ, ನನ್ನ ಕಡೆ ತಿರುಗಿ, "ಇನ್ನ ನೀವ ನೋಡ್ಕೊಳ್ರಿ" ಎಂದ. ಹೂಂ ಎಂದೆ.

ದೀಪಾವಳಿಯ ನಂತರ ಒಂದು ಇನ್‌ಲ್ಯಾಂಡ್ ಪತ್ರ ಬಂತು. ತಂತಿ ಹ್ಯಾಂಗ ಅದ, ಹೊಳೆ ಇಳೀತೇನು ಎಂದು ಕೇಳಿದ್ದ. ಕೊನೆಗೆ ಒಂದೇ ಸಾಲು: "ಇಲ್ಲಿ ಒಂದು ಮನಿ ಕೊಟ್ಟಾರ, ದವಾಖಾನಿನೂ ಹತ್ರ ಅದ."

ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಉತ್ತರದಲ್ಲಿ ತಂತಿಯ ಬಗ್ಗೆ ಬರೆದೆ, ರಾಟೆಯ ಬಗ್ಗೆ ಬರೆದೆ, ಹೊಸಬ ಗ್ರೀಸು ಹಾಕಲು ಸೋಮಾರಿ ಎಂದು ಬರೆದೆ. ಮನೆಯ ಮಾತಿಗೆ ಉತ್ತರ ಬರೆಯಲು ಜಾಗ ಬಿಟ್ಟಿದ್ದೆ. ಮಾನ್ವಿಯಲ್ಲಿದ್ದ ಅವ್ವನ ಮುಖ, ನನ್ನ ಬೆನ್ನಿಗಿದ್ದ ಇಬ್ಬರು ತಂಗಿಯರು ನೆನಪಾದರು. ಖಾಲಿ ಬಿಟ್ಟೇ ಅಂಟಿಸಿ ಡಬ್ಬಿಗೆ ಹಾಕಿದೆ.

ಮತ್ತೆ ಪತ್ರ ಬರಲಿಲ್ಲ. ತಂಗಿಯರ ಮದುವೆ ಮಾಡಿದೆ, ನಾನು ಮಾಡಿಕೊಳ್ಳಲಿಲ್ಲ. ಅವನಿಗೆ ಮದುವೆಯಾಗಿ ಹೆಣ್ಣುಮಗು ಹುಟ್ಟಿತೆಂದು ನಡುಗಡ್ಡೆಯವರೇ ಹೇಳಿದರು. ಅವತ್ತು ಸೂಜಿ ಹಾಕುತ್ತಿದ್ದೆ. ಸಾಲಿನಲ್ಲಿ ಇನ್ನೂ ಒಂಬತ್ತು ಕೂಸುಗಳಿದ್ದವು. ಎಲ್ಲರಿಗೂ ಹಾಕಿ ಮುಗಿಸಿ, ಪೆಟ್ಟಿಗೆ ಮುಚ್ಚಿ, ದೋಣಿ ಬರುವವರೆಗೆ ಮರಳಿನ ಮೇಲೆ ಒಬ್ಬಳೇ ಕೂತೆ.