ಹೀರೋ ಅಡ್ಡ ಬಂದ ಸಿನಿಮಾ

ಖುಷಿಯಲ್ಲಿ ಬರೆಯುತ್ತಿದ್ದೇನೆ, ಟೈಪ್ ತಪ್ಪಿದರೆ ಕ್ಷಮಿಸಿ. ಇವತ್ತು ಬ್ಯಾಡಗಿಯ ನಮ್ಮ ಮನೆಗೆ ಕಾಲಿಟ್ಟು, ಮೆಣಸಿನಕಾಯಿ ಘಾಟಿಗೆ ಸೀನಿದ್ದೇ ತಡ, ಮತ್ತೆ ಲಂಗ ತೊಟ್ಟ ಹುಡುಗಿಯಾಗಿಬಿಟ್ಟೆ.

ಆಗೆಲ್ಲ ಭಾನುವಾರ ಮಧ್ಯಾಹ್ನ ಓಣಿಯ ಹೆಂಗಸರು ಅಂಗೈಗೆ ಎಣ್ಣೆ ಸವರಿಕೊಂಡು, ನಮ್ಮ ಪಡಸಾಲೆಯಲ್ಲಿ ಟಿವಿ ನೋಡುತ್ತ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ಒಮ್ಮೆ ಸಿನಿಮಾದ ನಾಯಕಿ ಹೆರಳು ಬಿಚ್ಚಿ ಹಾಡತೊಡಗಿದಳು. ನಾನು ಅವಳನ್ನೇ ನೋಡುತ್ತ ಕುಳಿತೆ. ಕಾಯಿಯನ್ನು ಕಸಕ್ಕೆ, ತೊಟ್ಟನ್ನು ರಾಶಿಗೆ ಎಸೆಯತೊಡಗಿದೆ.

ಅಪ್ಪನ ಅಕ್ಕ, ನಮ್ಮ ಅತ್ತಿ, ನನ್ನ ಕೈ ಹಿಡಿದಳು. "ಲಕ್ಷ್ಯ ಎಲ್ಲೈತಿ? ಹೀರೋ ಅಷ್ಟು ಛಂದ ಅದಾನೇನು?"

"ಅಂವಾ ಬರೇ ಅಡ್ಡ ಬರ್ತಾನ, ಆಕಿ ಕಾಣವಲ್ಲಳು," ಎಂದೆ ಸಿಟ್ಟಿನಿಂದ.

ಎಲ್ಲರೂ ನಕ್ಕರು, ಅತ್ತಿ ಎಲ್ಲರಿಗಿಂತ ಜೋರಾಗಿ. ನಾನು ಬೇರೆ ಎಂಬುದು ಅವತ್ತೇ ಗೊತ್ತಾಯಿತು. ಅದಕ್ಕೊಂದು ಹೆಸರಿದೆ ಎಂದು ತಿಳಿಯಲು ಎಷ್ಟೋ ವರ್ಷ ಬೇಕಾಯಿತು.

ನಾನು ಪ್ರೀತಿಸುವ ಗೆಳತಿಯ ವಿಷಯವನ್ನು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ, ಇವತ್ತು ಇಬ್ಬರು ಹುಡುಗಿಯರು ಪರಸ್ಪರ ಪ್ರೀತಿಸುವ ಸಿನಿಮಾವೊಂದನ್ನು ಅತ್ತಿಯ ಮುಂದೆ ಹಾಕಿದೆ. ತೊಟ್ಟು ಮುರಿಯುತ್ತಲೇ ಆಕೆ ಪೂರ್ತಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಚಲೋ ಆತು ಬಿಡವಾ. ಇದರಾಗ ನಿನಗ ಅಡ್ಡ ಬರಾಕ ಯಾರೂ ಇಲ್ಲ. ನಿನ್ನ ಆಕಿನ್ನ ಯಾವಾಗ ಕರ್ಕೊಂಡ ಬರ್ತಿ?"